ಎಲೆ ಬಿಟ್ಟೆದ್ದವಳು ಜಪಾನ್ ಹೋಟೆಲಿನಲ್ಲಿ ಕೂತದ್ದು

"ಅಟೆನ್ಷನ್ ಪ್ಲೀಸ್! ದಿಸ್ ವೆಹಿಕಲ್ ಈಸ್ ರಿವರ್ಸಿಂಗ್!"

ಚನ್ನರಾಯಪಟ್ಟಣ ಹೋಬಳಿಯ ಆ ಹಳ್ಳಿಯಲ್ಲಿ ಈಗ ಕೋಳಿಗಿಂತ ಮೊದಲು ಕೂಗುವವಳು ಇವಳೇ. ಸಪ್ಪಲಮ್ಮನ ಹಿತ್ತಿಲ ಗೋಡೆಯಾಚೆ ರಾಗಿ ಹೊಲವಿದ್ದ ಕಡೆ ಗೋಡೌನುಗಳು ಎದ್ದಿವೆ. ಅಲ್ಲಿಗೆ ಬರುವ ಕಂಟೇನರ್ ಲಾರಿಗಳು ಹಿಂದಕ್ಕೆ ಸರಿಯುವಾಗಲೆಲ್ಲ ಅವುಗಳ ಹೊಟ್ಟೆಯೊಳಗಿಂದ ಯಾವಳೋ ಒಬ್ಬಳು ಹೀಗೆ ಅರಚಿಕೊಳ್ಳುತ್ತಾಳೆ. ಮೊದಮೊದಲು ಬೆಚ್ಚಿ ಹಗ್ಗ ಕಿತ್ತುಕೊಳ್ಳುತ್ತಿದ್ದ ಸೀಮೆಹಸು ಈಗ 'ಅಟೆನ್ಷನ್' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ತಾನಾಗಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ.

"ನಮ್ ಹಸೀಗೆ ಇಂಗ್ಲಿಷ್ ಬರ್ತದೆ ಕಣಮ್ಮ. ನಮ್ಮೆಜಮಾನ್ರಿಗೆ ಇನ್ನೂ ಕನ್ನಡಾನೇ ಸರಿಯಾಗಿ ಬಂದಿಲ್ಲ" ಎಂದು ಸಪ್ಪಲಮ್ಮ ಡೈರಿ ಮುಂದಿನ ಸಾಲಿನಲ್ಲಿ ಹೇಳುತ್ತಿದ್ದಳು. ಎಜಮಾನರಾದ ಮುನಿಸ್ವಾಮಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಏಳು ಊಟದ ಬಗ್ಗೆ.

ಹಸು ಹಿಂದೆ ಸರಿಯುತ್ತಿತ್ತು, ಲಾರಿಯೂ ಸರಿಯುತ್ತಿತ್ತು. ಸಪ್ಪಲಮ್ಮನೊಬ್ಬಳಿಗೆ ಹಿಂದಿನ ಗೇರು ಇರಲಿಲ್ಲ. ಊರಬಾಗಿಲ ದೇವತೆಯ ಹೆಸರಿಟ್ಟುಕೊಂಡವಳು, ಆಡಿದ ಮಾತಿನ ಮೇಲೆ ದೇವತೆಯ ಹಾಗೆಯೇ ಕಲ್ಲಾಗಿ ಕೂರುವವಳು. ಎಂದೋ ಒಂದು ದಿನ "ಇನ್ನು ಕಾಫಿಗೆ ಸಕ್ಕರೆ ಹಾಕಲ್ಲ" ಅಂದಿದ್ದಳಂತೆ, ಯಾವ ಸಿಟ್ಟಿಗೋ ಅವಳಿಗೇ ಮರೆತಿದೆ. ಇವತ್ತಿಗೂ ಕಹಿ ಕಾಫಿಯನ್ನೇ ಮುಖ ಕಿವುಚಿಕೊಂಡು ಕುಡಿಯುತ್ತಾಳೆ.

ಇಂಥವಳು ಒಡಹುಟ್ಟಿದ ತಮ್ಮನ ಗೃಹಪ್ರವೇಶದ ದಿನ ಎಲೆ ಬಿಟ್ಟು ಎದ್ದಿದ್ದಳು.

ಅದು ವಿಮಾನ ನಿಲ್ದಾಣ ಶುರುವಾದ ವರ್ಷ. ತಮ್ಮ ವೆಂಕಟರಾಯಪ್ಪ ದೇವನಹಳ್ಳಿಯಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿ, ಗೇಟಿನ ಕಂಬದ ಮೇಲೆ ಎರಡು ಸಿಮೆಂಟಿನ ಸಿಂಹ ಕೂರಿಸಿ, ಇಡೀ ಹೋಬಳಿಗೇ ಊಟ ಹಾಕಿಸಿದ. ಬಡಿಸಲು ನಿಂತವರು ಅವನ ಹೆಂಡತಿಯ ಕಡೆಯವರು, ಸೂಲಿಬೆಲೆಯ ಹುಡುಗರು. ಆ ಗಡಿಬಿಡಿಯಲ್ಲಿ ಯಾವನೋ ಒಬ್ಬ ಮುನಿಸ್ವಾಮಿಯ ಮುಂದೆ ಬಾಳೆ ಎಲೆಯನ್ನು ತಿರುವುಮುರುವು ಹಾಕಿಬಿಟ್ಟ. ಎಲೆಯ ತುದಿ ಉಣ್ಣುವವನ ಎಡಕ್ಕಿರಬೇಕು. ಬಲಕ್ಕೆ ಹಾಕುವುದು ಸತ್ತವರ ಹೆಸರಿನಲ್ಲಿ.

"ಏನ್ರೋ ಇದು! ಬದುಕಿರೋ ನನ್ ಗಂಡಂಗೆ ತಿಥಿ ಎಲೆ ಹಾಕವ್ರಲ್ಲೋ!" ಎಂದು ಸಪ್ಪಲಮ್ಮ ಪಂಕ್ತಿಯ ನಡುವಿನಿಂದ ಕೂಗಿದಳು. ಪಾಯಸದ ಬಕೆಟ್ಟು ಹಿಡಿದು ಓಡಾಡುತ್ತಿದ್ದ ವೆಂಕಟರಾಯಪ್ಪ ನಿಲ್ಲಲೂ ಇಲ್ಲ. "ತುದಿ ಯಾವ ಕಡೆಗಿದ್ರೇನಕ್ಕಯ್ಯ, ಭಾವನ ಹೊಟ್ಟೆ ಒಂದೇ ಕಡೆಗೈತಲ್ಲ!" ಎಂದು ನಕ್ಕುಕೊಂಡೇ ಮುಂದೆ ಹೋದ. ಇಡೀ ಪಂಕ್ತಿ ನಕ್ಕಿತು. ಎಲೆ ತಿರುಗಿದ್ದನ್ನು ಸಪ್ಪಲಮ್ಮ ಮರೆಯುತ್ತಿದ್ದಳೇನೋ. ಆ ನಗುವನ್ನು ಮರೆಯಲಿಲ್ಲ.

ಅವಳು ಎದ್ದು ನಿಂತು ಎಂಜಲು ಕೈಯಲ್ಲೇ ಮಾತು ಹೇಳಿದಳು. "ಕೇಳ್ಕೊಳ್ರಪ್ಪ ಎಲ್ರೂ. ಇವನ ಕೈಯಿಂದ, ಇವನ ಮನೆಯೋರ ಕೈಯಿಂದ ಬಡಿಸ್ಕೊಂಡು ಇನ್ನು ಒಂದು ತುತ್ತು ತಿಂದ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ."

ಹೇಳಿ ಗೇಟಿನ ಕಡೆ ನಡೆದಳು. ಮುನಿಸ್ವಾಮಿ ಮಾತ್ರ ಏಳಲಿಲ್ಲ. ಪಾಯಸ ಇನ್ನೊಂದು ಸುತ್ತು ಬರುವುದಿತ್ತು.

ತವರನ್ನು ಬಿಟ್ಟಳೇ ಎಂದರೆ ಅದೂ ಇಲ್ಲ. ಉಣ್ಣಲ್ಲ ಎಂದಿದ್ದಳೇ ಹೊರತು ಬರಲ್ಲ ಎಂದಿರಲಿಲ್ಲ. ಹಬ್ಬಕ್ಕೆ ಬಂದಳು, ಸಾವಿಗೆ ಬಂದಳು, ನಾಮಕರಣಕ್ಕೆ ಬಂದಳು. ಬರುವಾಗಲೆಲ್ಲ ಬಲಗೈಯಲ್ಲಿ ಮೂರು ಬಟ್ಟಲಿನ ಸ್ಟೀಲ್ ಕ್ಯಾರಿಯರ್. ಎಲ್ಲರೂ ಪಂಕ್ತಿಯಲ್ಲಿ ಕೂತು ಹೋಳಿಗೆ ಉಣ್ಣುವಾಗ ಅವಳು ಜಗಲಿಯ ಮೇಲೆ ಗೋಡೆಗೊರಗಿ ತನ್ನ ಮುದ್ದೆ ತಾನು ನುಂಗುತ್ತಿದ್ದಳು. ಭೂಸ್ವಾಧೀನದ ವಿರುದ್ಧ ಊರವರು ಧರಣಿ ಕೂತಾಗ ವೆಂಕಟರಾಯಪ್ಪ ಟೆಂಪೋದಲ್ಲಿ ಪುಳಿಯೋಗರೆ ತಂದು ಹಂಚಿದ. ಟೆಂಟಿನಲ್ಲಿ ಸರ್ಕಾರದ ಮೇಲಿನ ಸಿಟ್ಟೂ ತಮ್ಮನ ಮೇಲಿನ ಸಿಟ್ಟೂ ಒಟ್ಟಿಗೇ ಇಟ್ಟುಕೊಂಡು ಕೂತಿದ್ದವಳು ಸಪ್ಪಲಮ್ಮ ಒಬ್ಬಳೇ. ಘೋಷಣೆ ಕೂಗಿದಳು, ಕ್ಯಾರಿಯರ್ ಬಿಚ್ಚಿದಳು, ಮತ್ತೆ ಘೋಷಣೆ ಕೂಗಿದಳು.

"ಎಷ್ಟು ವರ್ಷ ಅಂತ ಸಾಧಿಸ್ತೀಯೇ?" ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಒಂದೇ. "ತಪ್ಪಾಯ್ತು ಅನ್ನೋದು ಬೇಡ, ಕಾಲಿಗೆ ಬೀಳೋದೂ ಬೇಡ. ನನ್ ಮುಂದೆ ಒಂದು ಹನಿ ಕಣ್ಣೀರು ಹಾಕ್ಲಿ. ಅಷ್ಟೇ. ಅವತ್ತು ಹಲ್ಲು ಬಿಟ್ನಲ್ಲ, ಅದಕ್ಕೆ."

ವೆಂಕಟರಾಯಪ್ಪ ಅಳುವ ಗಿರಾಕಿಯಲ್ಲ. ಅಪ್ಪ ಸತ್ತಾಗಲೂ ಹೆಗಲು ಕೊಡುವವರಿಗೆ ಟವೆಲ್ಲು ಹಂಚುತ್ತ ನಿಂತವನು.

ಹೀಗಿರುವಾಗ ಅಮರನ ಮದುವೆ ಗೊತ್ತಾಯಿತು. ಅಮರ್ ವೆಂಕಟರಾಯಪ್ಪನ ಒಬ್ಬನೇ ಮಗ, ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ. ಸಪ್ಪಲಮ್ಮನಿಗೆ ಮಕ್ಕಳಿರಲಿಲ್ಲ. ಈ ಹುಡುಗ ಎಂಟು ತಿಂಗಳ ಕೂಸಾಗಿದ್ದಾಗ ತಾಯಿಗೆ ಕಾಮಾಲೆಯಾಗಿ, ಮಗುವನ್ನು ಎದೆಗವಚಿಕೊಂಡು ಮುದ್ದೆಯ ನಯವಾದ ತುಣುಕನ್ನು ಹಾಲಲ್ಲದ್ದಿ ನುಂಗಿಸುತ್ತಿದ್ದವಳು ಇವಳು. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಚಪ್ಪರದ ದಿನ ಮದುಮಗನ ಪಕ್ಕದಲ್ಲಿ ಅವನ ಸೋದರತ್ತೆ ಕೂತು ಒಂದೇ ಎಲೆಯಲ್ಲಿ ಅವನೊಂದಿಗೆ ಉಣ್ಣಬೇಕು. ಕ್ಯಾರಿಯರ್ ತಂದು ಉಣ್ಣುವ ಹಾಗಿಲ್ಲ. ಉಣ್ಣದಿದ್ದರೆ ಆ ಜಾಗಕ್ಕೆ ಬೇರೆ ಹೆಂಗಸು ಬೇಕು. ಅಮರನ ತಾಯಿ ಆಗಲೇ ಸೂಲಿಬೆಲೆಯ ತನ್ನ ಅಕ್ಕನಿಗೆ ರೇಷ್ಮೆ ಸೀರೆ ತೆಗೆದಿಟ್ಟಿದ್ದಾಳೆ ಎಂಬ ಸುದ್ದಿ ಡೈರಿಯ ಸಾಲಿಗೂ ಬಂತು.

ಅವತ್ತು ಸಪ್ಪಲಮ್ಮ ಹಾಲು ಹಾಕಿ ಬರುವಾಗ ಖಾಲಿ ಕ್ಯಾನನ್ನು ಡೈರಿಯಲ್ಲೇ ಬಿಟ್ಟು ಬಂದಳು. ರಾತ್ರಿ ಮುನಿಸ್ವಾಮಿಗೆ ಸಾರಿಗೆ ಉಪ್ಪು ಹಾಕದೆ ಬಡಿಸಿದಳು. ಮುನಿಸ್ವಾಮಿ ತಿಂದ. ಇದು ಮಾತಾಡಬೇಕಾದ ಸಂದರ್ಭವಲ್ಲ ಎಂದು ಅವನಿಗೂ ತಿಳಿಯಿತು.

ಭಾನುವಾರ ಬೈಕಿನಲ್ಲಿ ಅಮರ್ ಬಂದ.

"ಅತ್ತೆ, ಒಂದ್ ಐಡಿಯಾ ಐತೆ. ನೀನು ಅವತ್ತು ಏನಂದಿದ್ದೆ? ಅಪ್ಪನ ಕೈಯಿಂದ, ಮನೆಯೋರ ಕೈಯಿಂದ ಬಡಿಸ್ಕೊಂಡು ತಿನ್ನಲ್ಲ, ಅಷ್ಟೇ ತಾನೇ?"

"ಊಂ."

"ಬೈಪಾಸಲ್ಲಿ ಹೊಸಾ ಜಪಾನ್ ಹೋಟ್ಲು ಆಗೈತೆ. ಬಡಿಸೋರು ನಮ್ಮೋರಲ್ಲ, ಅಡುಗೆ ನಮ್ದಲ್ಲ, ಕೊನೆಗೆ ದೇಶಾನೂ ನಮ್ದಲ್ಲ. ಕರ್ಕೊಂಡೋಗೋನು ನಾನು. ಅಲ್ಲಿ ಅಪ್ಪನೂ ನೀನೂ ಎದುರುಬದುರು ಕೂತು ಏನಾದ್ರೂ ತಿನ್ನಿ. ಒಂದ್ಸಲ ಜೊತೇಲಿ ತಿಂದ್ರೆ ಮಿಕ್ಕಿದ್ದು ಹಂಗೇ ಸರಿಹೋಗ್ತದೆ."

"ಜಪಾನೋರು ಹಾವು ತಿಂತಾರಂತೆ?"

"ಅದು ಚೀನಾ ಅತ್ತೆ."

"ಎಲ್ಲಾ ಅಕ್ಕಪಕ್ಕದ ಮನೆಯೋರೇ ಅಲ್ವೇನ್ಲಾ?"

"ಬಾ ಅತ್ತೆ. ಕ್ಯಾರಿಯರ್ ಮಾತ್ರ ತರ್ಬೇಡ, ನಿಂಗೆ ಕೈ ಮುಗಿತೀನಿ. ಹೊರಗಿನ ಊಟ ಒಳಗೆ ಬಿಡಲ್ಲ."

ಸಪ್ಪಲಮ್ಮ ಹಸುವಿನ ಕಡೆ ನೋಡಿದಳು. ಗೋಡೆಯಾಚೆ ಲಾರಿ ಕೂಗಿತು, ಹಸು ಎರಡು ಹೆಜ್ಜೆ ಹಿಂದೆ ಸರಿಯಿತು. "ಬರ್ತೀನಿ. ನಿನ್ ಮುಖ ನೋಡ್ಕೊಂಡು. ನಿಮ್ಮಪ್ಪನ ಮುಖ ನೋಡಲ್ಲ, ಹೇಳ್ಬಿಡು ಅವನಿಗೆ" ಎಂದಳು.

ಆ ಹೋಟೆಲಿಗೆ ಯಾವುದೋ ಬಾಯಿ ತಿರುಗದ ಹೆಸರಿತ್ತು. ಗ್ರಾನೈಟ್ ಅಂಗಡಿಯ ಮೇಲಿನ ಮಹಡಿ, ಮೊದಲು ಗಂಗಣ್ಣನ ಮಿಲಿಟರಿ ಹೋಟೆಲ್ ಇದ್ದ ಜಾಗ. ತಲೆಮಾಂಸಕ್ಕೆ ಹೆಸರಾಗಿದ್ದ ಕಡೆ ಮಾಂಸದ ಹೋಟೆಲೇ ಮತ್ತೆ ಬಂದದ್ದರಿಂದ ಊರಿನವರು ಹೊಸ ಹೆಸರು ಕಲಿಯುವ ಗೋಜಿಗೆ ಹೋಗದೆ 'ಜಪಾನ್ ಮಿಲ್ಟ್ರಿ' ಎಂದು ಕರೆದು ಮುಗಿಸಿದ್ದರು. ವಿಮಾನ ನಿಲ್ದಾಣದ ಹತ್ತಿರದ ಕಂಪನಿಗಳಿಗೆ ಬರುವ ಪರದೇಶದ ಇಂಜಿನಿಯರುಗಳಿಗೆಂದು ಶುರುವಾದದ್ದು. ಬರುತ್ತಿದ್ದವರು ಮಾತ್ರ ಜಮೀನು ವ್ಯಾಪಾರದವರು.

ಗೊತ್ತಾದ ದಿನ ಮಧ್ಯಾಹ್ನದ ಹೊತ್ತಿಗೆ ಅಮರ್ ಅತ್ತೆಯನ್ನು ಕಾರಿನಲ್ಲಿ ಕರೆತಂದ. ಅವಳು ಗಂಟು ಬಿಚ್ಚಿ ತೆಗೆದ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಇಷ್ಟು ವರ್ಷ ತಮ್ಮನಿದ್ದ ಕಡೆಗೆ ಬರುವಾಗಲೆಲ್ಲ ಕ್ಯಾರಿಯರ್ ಹಿಡಿದೇ ಅಭ್ಯಾಸವಾದ ಬಲಗೈ ಈಗ ಎಲ್ಲಿರಬೇಕೆಂದು ತಿಳಿಯದೆ ಒಮ್ಮೆ ಸೊಂಟಕ್ಕೆ, ಒಮ್ಮೆ ಸೆರಗಿಗೆ ಹೋಗುತ್ತಿತ್ತು.

ಬಾಗಿಲು ತಳ್ಳಿದ ಕೂಡಲೇ ಒಳಗಿದ್ದ ನಾಲ್ಕಾರು ಜನ ಒಟ್ಟಿಗೇ ಕಿರುಚಿದರು: "ಇರಾಶಾಯಿಮಾಸೇ!"

ಸಪ್ಪಲಮ್ಮ ಹೊಸ್ತಿಲಲ್ಲೇ ನಿಂತಳು. "ಕೇಳ್ದೇನ್ಲಾ? ಒಳಗೆ ಕಾಲಿಡ್ತಿದ್ದಂಗೆ 'ಸಾಯಿ' ಅಂತಾರಲ್ಲ!"

ದೊಡ್ಡ ತೋಳಿನ ನೀಲಿ ನಿಲುವಂಗಿ ತೊಟ್ಟಿದ್ದ ಹುಡುಗಿಯೊಬ್ಬಳು ಓಡಿಬಂದಳು. "ಅಯ್ಯೋ ಹಂಗಲ್ಲ ಆಂಟಿ, ಬನ್ನಿ ಬನ್ನಿ ಅಂತ ಅದು. ಜಪಾನೀಲಿ."

"ನೀನು ಜಪಾನೋಳಾ?"

"ನಾನು ಕೀರ್ತನ ಆಂಟಿ, ವಿಜಯಪುರದೋಳು. ಸಂತೆ ಬೀದಿ."

"ಮತ್ತೆ ಬನ್ನಿ ಅಂತ ಬನ್ನಿ ಅಂತ್ಲೇ ಅನ್ನಮ್ಮ. ವಯಸ್ಸಾದೋರು ಬರ್ತಾರೆ, ಎದೆ ಹೊಡ್ಕೊಳ್ಳಲ್ವಾ?"

ಕೀರ್ತನ ಅವರನ್ನು ಚಾಪೆ ಹಾಸಿದ ಜಗಲಿಯಂಥ ಕಡೆಗೆ ಕರೆದೊಯ್ದಳು. ಕಾಲು ಮಡಚಿ ಕೂರುವ ಜಾಗ, ಮುಂದೆ ಮೊಣಕಾಲೆತ್ತರದ ಮೇಜು. ಸಪ್ಪಲಮ್ಮನ ಮಂಡಿಗೆ ಇಷ್ಟವಾಯಿತು, ಮನಸ್ಸು ಬೇಡ ಎಂದಿತು. "ನೆಲದ ಮೇಲೆ ಸಾಲಾಗಿ ಕೂತ್ರೆ ಪಂಕ್ತಿ ಆಗ್ತದೆ. ಕುರ್ಚಿ ಹಾಕ್ಸು" ಎಂದು ಅಮರನಿಗೆ ಹೇಳಿದಳು. ಜಪಾನಿನ ಪದ್ಧತಿ ನೋಡಲೆಂದೇ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರು ಆ ಚಾಪೆಗೆ ಕಾದು ನಿಂತಿದ್ದರು. ಅವರು ಕೃತಜ್ಞತೆಯಿಂದ ನಕ್ಕರು. ಇವಳು ಮುಖ ತಿರುಗಿಸಿದಳು.

ಕುರ್ಚಿಯ ಮೇಜಿನಲ್ಲಿ ವೆಂಕಟರಾಯಪ್ಪ ಆಗಲೇ ಕೂತಿದ್ದ. ಬಿಳಿ ಅಂಗಿ, ಜೇಬಿನಲ್ಲಿ ಮದುವೆಯ ಕರೆಯೋಲೆಗಳ ಕಟ್ಟು. ಮುಂಜಾನೆಯಿಂದ ಊರೂರು ಸುತ್ತಿ ಮದುವೆಗೆ ಕರೆದು ಬಂದಿದ್ದ, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಕ್ಕನನ್ನು ಕಂಡು ಎದ್ದ, ಮತ್ತೆ ಕೂತ.

"ಬಾ ಅಕ್ಕಯ್ಯ."

"ಅಮರಾ, ನಿಮ್ಮಪ್ಪ ಚೆನ್ನಾಗವ್ನಾ ಕೇಳು."

"ಇಲ್ಲೇ ಅವ್ರೆ, ನೀನೇ ಕೇಳು ಅತ್ತೆ."

"ಕೇಳೋದಿಲ್ಲ. ಸಕ್ಕರೆ ಕಾಯಿಲೆ ಹೆಂಗೈತಂತೆ ಅದನ್ನೂ ಕೇಳೋದಿಲ್ಲ."

"ಈಗ ಪರವಾಗಿಲ್ಲ ಅಕ್ಕಯ್ಯ" ಎಂದ ವೆಂಕಟರಾಯಪ್ಪ ಮೇಜಿಗೆ ಹೇಳುವ ಹಾಗೆ.

ಅಮರ್ ಪಟ್ಟಿ ನೋಡಿ ಏನೇನೋ ತರಹೇಳಿದ. ಮೊದಲು ಬಂದದ್ದು ಒಂದು ಬಟ್ಟಲು ಬಿಸಿನೀರಿನಂಥದ್ದು. ಸಪ್ಪಲಮ್ಮ ಬಗ್ಗಿ ನೋಡಿ "ಸಾರು ಬಸಿದ್ಮೇಲೆ ಪಾತ್ರೆ ತೊಳ್ದಿದ್ದ ನೀರಲ್ವಾ ಇದು?" ಎಂದಳು. ಕುಡಿದಳು. ಕೆಟ್ಟದಾಗೇನೂ ಇರಲಿಲ್ಲ, ಹಾಗಂತ ಹೇಳಲೂ ಇಲ್ಲ. ಆಮೇಲೆ ಕರಿಯ ಹಲಗೆಯ ಮೇಲೆ ಅದು ಬಂತು. ಹೆಬ್ಬೆರಳಷ್ಟು ಅನ್ನದ ಉಂಡೆಗಳು, ಒಂದೊಂದರ ಮೇಲೂ ಕೆಂಪಗೆ, ಹಸಿಹಸಿಯಾಗಿ ಒಂದು ಹೋಳು. ಪಕ್ಕದಲ್ಲಿ ಅರೆದ ಗೋರಂಟಿಯ ಮುದ್ದೆಯ ಹಾಗೆ ಏನೋ ಹಸಿರು.

"ಇದೇನಮ್ಮ ಮೇಲ್ಗಡೆ?"

"ಮೀನು ಆಂಟಿ."

"ಬೇಯ್ಸಿಲ್ಲ?"

"ಇಲ್ಲ ಆಂಟಿ, ಇದು ಹಂಗೇ."

"ಗ್ಯಾಸ್ ಮುಗಿದೋಗಿದ್ರೆ ಹೇಳ್ಬೇಕಾಗಿತ್ತು. ನಮ್ಮನೇಲಿ ಒಂದು ಸಿಲಿಂಡರ್ ಮಡಗಿದ್ದೆ."

ಅನ್ನ ಹಿಡಿಯಲು ಎರಡು ಕಡ್ಡಿ ಕೊಟ್ಟಿದ್ದರು. ಸಪ್ಪಲಮ್ಮ ಅವನ್ನು ಹೊಸೆದು ನೋಡಿದಳು, ಹೆಣಿಗೆಯ ಕಡ್ಡಿಯ ಹಾಗೆ ಹಿಡಿದಳು. ಒಂದು ಜಾರಿ ಮೇಜಿನ ಕೆಳಗೆ ಬಿತ್ತು. ಬಿದ್ದದ್ದನ್ನು ಬಿಡುವ ಪೈಕಿಯಲ್ಲ ಅವಳು, ಬಗ್ಗಿದಳು.

ಆ ಹೊತ್ತಿಗೆ ಮೇಜಿನ ಮೇಲೆ ನಡೆಯಬಾರದ್ದು ನಡೆದುಹೋಯಿತು.

ವೆಂಕಟರಾಯಪ್ಪ ಹಸಿದಿದ್ದ. ಕಡ್ಡಿಯ ಸಹವಾಸ ಬೇಡವೆಂದು ಕೈಯಲ್ಲೇ ಒಂದು ಉಂಡೆ ತೆಗೆದುಕೊಂಡ. ಚಟ್ನಿ ಇಲ್ಲದೆ ಅನ್ನ ಹೇಗೆ ಇಳಿದೀತು ಎಂದು ಆ ಹಸಿರನ್ನು ಅರ್ಧಕ್ಕರ್ಧ ಬಳಿದುಕೊಂಡ. "ಅಪ್ಪಾ, ಅದು..." ಎಂದು ಅಮರ್ ಕೈಯೆತ್ತುವಷ್ಟರಲ್ಲಿ ಬಾಯಿಗೆ ಹಾಕಿದ. ಹಾಕಿ, ಆ ಸೀಮೆಯ ಗಂಡಸು ಉಂಡೆಯಾಗಿರುವ ಯಾವುದನ್ನು ಕಂಡರೂ ಮಾಡುವುದನ್ನೇ ಮಾಡಿದ. ನುಂಗಿದ. ಮುದ್ದೆಯನ್ನು ಅಗಿಯುವವನಿಗೆ ಹೆಣ್ಣು ಕೊಡಬೇಡಿ ಎಂದು ಅವನ ಅಪ್ಪ ಹೇಳುತ್ತಿದ್ದ. ಹಲ್ಲು ತಾಗಿಸದೆ ಗಂಟಲಿಗೆ ಇಳಿಸುವುದು ಅವನಿಗೆ ನಡಿಗೆಗಿಂತ ಮೊದಲು ಬಂದ ವಿದ್ಯೆ.

ಆದರೆ ಮುದ್ದೆಗೆ ಸಾರಿನ ಜಾರು ಇರುತ್ತದೆ. ಜಪಾನಿನ ಅನ್ನಕ್ಕೆ ಇರಲಿಲ್ಲ. ಅದು ಗಂಟಲಿನ ಬಾಗಿಲಲ್ಲಿ ಧರಣಿ ಕೂತಿತು. ಹಸಿರು ಮಾತ್ರ ಕಾಯಲಿಲ್ಲ. ಸೀದಾ ಮೂಗಿಗೆ ಹತ್ತಿ, ಮೂಗಿನಿಂದ ನೆತ್ತಿಗೆ ಹತ್ತಿತು.

ಸಪ್ಪಲಮ್ಮ ಕಡ್ಡಿ ಹಿಡಿದು ಮೇಲೆದ್ದಳು. ಎದುರಿಗೆ ತಮ್ಮ ಅಳುತ್ತಿದ್ದ.

ಒಂದು ಹನಿಯಲ್ಲ. ಎರಡೂ ಕಣ್ಣಿಂದ ಧಾರೆಯಾಗಿ ಇಳಿದು, ಕ್ಷೌರ ಮಾಡಿಸಿದ ಕೆನ್ನೆಯ ಮೇಲೆ ಹೊಳೆಯುತ್ತ ಬಿಳಿ ಅಂಗಿಯ ಕಾಲರಿಗೆ ಬೀಳುತ್ತಿತ್ತು. ಮುಖ ಕೆಂಪಾಗಿತ್ತು. ತುಟಿ ನಡುಗುತ್ತಿತ್ತು. ಮಾತಾಡಲು ಹೋಗಿ ಆಗದೆ ಸುಮ್ಮನೆ ತಲೆಯಾಡಿಸುತ್ತಿದ್ದ.

ಸಪ್ಪಲಮ್ಮನ ಕೈಯಿಂದ ಕಡ್ಡಿ ಮತ್ತೆ ಜಾರಿತು. ಈ ಸಲ ಅವಳು ಬಗ್ಗಲಿಲ್ಲ.

"ಯಂಕ್ಟಾ" ಎಂದಳು. ಎಷ್ಟೋ ವರ್ಷದ ಮೇಲೆ ಆ ಹೆಸರು ಅವಳ ಬಾಯಿಂದ ಅವನ ಮುಖಕ್ಕೇ ಬಂದಿತ್ತು.

ವೆಂಕಟರಾಯಪ್ಪ ನೀರಿನ ಲೋಟಕ್ಕೆ ಕೈ ಚಾಚಿದ. ಅಕ್ಕ ಆ ಕೈಯನ್ನು ಗಬಕ್ಕನೆ ಹಿಡಿದುಕೊಂಡಳು.

"ಬೇಡ ಕಣೋ. ಏನೂ ಹೇಳ್ಬೇಡ. ನಂಗೆ ಗೊತ್ತಾಯ್ತು."

ಅವನು ಕೈ ಬಿಡಿಸಿಕೊಳ್ಳಲು ಎಳೆದ. ಅವಳು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ಇಷ್ಟು ದಿನ ಒಳಗೇ ಇಟ್ಕೊಂಡಿದ್ಯಲ್ಲೋ ಹುಚ್ಚಪ್ಪ. ಒಂದ್ಸಲ ಮನೆಗೆ ಬಂದು ಅತ್ತಿದ್ರೆ ಆಗ್ತಿರ್ಲಿಲ್ವಾ? ನಾನೇನು ಕಲ್ಲಾ?"

ವೆಂಕಟರಾಯಪ್ಪ ಅಲ್ಲವೆಂದು ತಲೆಯಾಡಿಸಿದ, ನೀರಿನ ಕಡೆ ಕಣ್ಣು ತೋರಿಸಿದ. ಕಣ್ಣು ತಿರುಗಿಸಿದಷ್ಟೂ ನೀರು ಸುರಿಯಿತು. ಅಮರನಿಗೆ ಎಲ್ಲವೂ ಗೊತ್ತಿತ್ತು. ಲೋಟವನ್ನು ಅಪ್ಪನ ಕಡೆ ಸರಿಸಲು ಬೆರಳು ಮುಂದಿಟ್ಟವನು, ಅತ್ತೆಯ ಮುಖ ನೋಡಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಅಪ್ಪ ಒಂದು ನಿಮಿಷ ಉರಿದರೆ ಸಾಯುವುದಿಲ್ಲ.

"ಅಮರನ ಪಕ್ಕದಲ್ಲಿ ನಾನೇ ಕೂರ್ತೀನಿ" ಎಂದಳು ಸಪ್ಪಲಮ್ಮ.

ತಮ್ಮ ಜೋರಾಗಿ ತಲೆಯಾಡಿಸಿದ.

"ನಿಮ್ ಭಾವಂಗೆ ಎಲೆ ನೀನೇ ಹಾಕ್ಬೇಕು."

ತಲೆಯಾಡಿಸಿದ.

"ಸೂಲಿಬೆಲೆಯೋರು ಬಕೆಟ್ ಮುಟ್ಟಬಾರ್ದು. ನಿನ್ ಹೆಂಡ್ತಿಗೂ ಹೇಳ್ಬಿಡು."

ಬೇರೆ ಯಾವ ದಿನವಾದರೂ ಇದಕ್ಕೆ ತಲೆಯಾಡಿಸುವ ಧೈರ್ಯ ವೆಂಕಟರಾಯಪ್ಪನಿಗೆ ಇರುತ್ತಿರಲಿಲ್ಲ. ಆ ದಿನ ಆಡಿಸಿದ.

ಸಪ್ಪಲಮ್ಮ ಅವನ ಕೈ ಬಿಟ್ಟು, ಎದ್ದು, ಮೇಜನ್ನು ಸುತ್ತಿ ಬಂದು ಅವನ ತಲೆ ಸವರಿದಳು. ಕೂದಲು ಬಹಳ ತೆಳುವಾಗಿತ್ತು. ಚಿಕ್ಕಂದಿನಲ್ಲಿ ಇವನ ತಲೆಗೆ ಹರಳೆಣ್ಣೆ ಒತ್ತುವಾಗ ಬೆರಳಿಗೆ ಗಂಟು ಬೀಳುತ್ತಿದ್ದ ಕೂದಲು. ಅವಳು ಕೈ ಬಿಟ್ಟ ಕೂಡಲೇ ಒಂದು ಲೋಟ ನೀರನ್ನು ಒಂದೇ ಗುಟುಕಿಗೆ ಇಳಿಸಿದ್ದ ವೆಂಕಟರಾಯಪ್ಪ, ಅಕ್ಕನ ಕೈ ತಲೆಯ ಮೇಲಿರುವಷ್ಟು ಹೊತ್ತೂ ಕದಲದೆ ಕೂತಿದ್ದ.

"ಆಂಟಿ, ನೀವು ಏನೂ ತಗೊಂಡೇ ಇಲ್ಲ" ಎಂದಳು ಕೀರ್ತನ, ಬೇರೆ ಮೇಜಿನಿಂದ ಬಂದು. ಅವಳ ಕಣ್ಣೂ ಒದ್ದೆಯಾಗಿತ್ತು. ಅಣ್ಣತಂಗಿ, ಅಕ್ಕತಮ್ಮ ಎಂದರೆ ಅವಳಿಗೆ ಅಳು ಬರುತ್ತಿತ್ತು.

"ತಿಂತೀನಮ್ಮ. ಇವತ್ತು ವಿಷ ಕೊಟ್ರೂ ತಿಂತೀನಿ" ಎಂದು ಸಪ್ಪಲಮ್ಮ ತನ್ನ ಕುರ್ಚಿಗೆ ಹೋದಳು. ಅಮರ್ ಹಲಗೆಯನ್ನು ದೂರ ಸರಿಸಲು ನೋಡಿದ. "ಅತ್ತೆ, ಅದು ಬೇಡ, ಬೇರೆ ತರುಸ್ತೀನಿ, ಬಿಸಿಬಿಸಿ ಐತೆ ನೂಡಲ್ಸು..." ಅವಳು ಅವನ ಕೈಮೇಲೆ ಒಂದು ಹೊಡೆದು, ಹಸಿರಿನಲ್ಲಿ ತಮ್ಮನ ಬೆರಳಿನ ಗುರುತು ನೋಡಿಕೊಂಡು, ಅವನು ಬಳಿದಷ್ಟೇ ಹಸಿರು ಬಳಿದು, ಅವನು ನುಂಗಿದ ಹಾಗೆಯೇ ನುಂಗಿದಳು. ಒಂದೇ ಮನೆಯ ಮಕ್ಕಳು.

ಮೊದಲು ಅವಳಿಗೆ ಏನೂ ಆಗಲಿಲ್ಲ. ಆಮೇಲೆ ಆಯಿತು.

ಮೂಗಿನ ಹೊಳ್ಳೆಗಳು ಅರಳಿದವು. ಕುರ್ಚಿಯ ಕೈಗಳನ್ನು ಹಿಡಿದಳು. ಕಣ್ಣಿನಲ್ಲಿ ನೀರು ತುಂಬಿ, ಬೊಟ್ಟಿನ ಪಕ್ಕದಿಂದ ಬೆವರೂ ಸೇರಿ, ಎರಡೂ ಕೆನ್ನೆಯ ಮೇಲೆ ಇಳಿಯಿತು. ಅವಳು ಕೂಗಲಿಲ್ಲ, ನೀರನ್ನೂ ಕೇಳಲಿಲ್ಲ. ಕಣ್ಣೀರಿನೊಳಗಿಂದಲೇ ಮೊದಲು ಆ ಹಸಿರನ್ನು ನೋಡಿದಳು. ಆಮೇಲೆ ತಮ್ಮನನ್ನು ನೋಡಿದಳು. ಅಮರ್ ಮೇಲೆ ತೂಗುಹಾಕಿದ್ದ ಕಾಗದದ ಬುಟ್ಟಿದೀಪವನ್ನು ನೋಡುತ್ತಿದ್ದ.

ಉರಿ ಇಳಿದ ಮೇಲೆ ಸಪ್ಪಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಂಕ್ಟಾ."

"ಅಕ್ಕಯ್ಯ."

"ನೀನು ಅತ್ತಿದ್ದು ಇದಕ್ಕಾ?"

ವೆಂಕಟರಾಯಪ್ಪ ಕರೆಯೋಲೆಯ ಕಟ್ಟಿನ ದಾರವನ್ನು ಬಿಗಿಮಾಡಿದ, ಸಡಿಲಮಾಡಿದ. "ಮೊದಲ್ನೇದು ಇದಕ್ಕೆ."

"ಆಮೇಲಿಂದು?"

"ಅದೂ ಇದಕ್ಕೇ."

"ತಲೆಯಾಡಿಸ್ದಲ್ಲ, ಹೂಂ ಹೂಂ ಅಂತ?"

"ನೀರು ಬೇಕಾಗಿತ್ತು."

ಪಕ್ಕದ ಚಾಪೆಯ ಮೇಲಿದ್ದವರು ಏನನ್ನೋ ಕಂಡು ಚಪ್ಪಾಳೆ ತಟ್ಟಿ ಫೋಟೋ ತೆಗೆದುಕೊಂಡರು. ಸಪ್ಪಲಮ್ಮ ಅತ್ತ ತಿರುಗಲಿಲ್ಲ.

"ಒಂದಾದ್ರೂ ನಂಗೋಸ್ಕರ ಇತ್ತೇನೋ?"

"ನೀನು ಬಂದು ತಲೆ ಸವರ್ದಲ್ಲ" ಎಂದು ವೆಂಕಟರಾಯಪ್ಪ ಶುರುಮಾಡಿದ. ಮುಂದೆ ಹೋಗಲಿಲ್ಲ. ಮೂಗು ಒರೆಸಿಕೊಂಡ. "ಅಷ್ಟೊತ್ತಿಗೆ ನೀರು ಕುಡಿದಾಗಿತ್ತು ಅಕ್ಕಯ್ಯ. ಉರಿ ಇರ್ಲಿಲ್ಲ."

ಸಪ್ಪಲಮ್ಮ ಎದ್ದಳು. ಕುರ್ಚಿ ಸದ್ದುಮಾಡಿತು.

"ಅತ್ತೆ! ಎಲ್ಲಿಗೆ? ಅತ್ತೆ, ಮದುವೆ?" ಅಮರ್ ಅವಳ ಸೆರಗಿನ ತುದಿಯನ್ನೇ ಹಿಡಿದ, ಮೂರು ವರ್ಷದವನ ಹಾಗೆ.

"ಕೂರ್ತೀನಿ ಅಂದೆನಲ್ಲ ನಿನ್ ಪಕ್ಕದಲ್ಲಿ? ಅಂದ್ಮೇಲೆ ಕೂರ್ತೀನಿ. ಇವನು ಯಾತಕ್ಕೆ ಅತ್ನೋ ಯಾರಿಗೆ ಬೇಕು, ನಾನು ಹೇಳಿದ್ದಂತೂ ಹಸಿರು ಚಟ್ನಿ ತಿಂದು ಹೇಳಿದ್ದಲ್ಲ." ಸೆರಗು ಬಿಡಿಸಿಕೊಂಡಳು. "ಆದ್ರೆ ಅವತ್ತು ಹೇಳಿದ್ದೂ ಹೇಳಿದ್ದೇ. ಇವನ ಮನೆಯೋರ ಕೈಯಿಂದ ಬಡಿಸ್ಕೊಂಡು ತಿನ್ನಲ್ಲ. ಎರಡು ಮಾತು ಒಂದೇ ಬಾಯಲ್ಲಿ ಬಂದ್ಬಿಟ್ಟವೆ. ಒಂದನ್ನ ಉಗೀಲಾ, ಒಂದನ್ನ ನುಂಗ್ಲಾ?"

ಅಮರ್ ಬಿಲ್ಲು ತರುವಂತೆ ಕೀರ್ತನಳಿಗೆ ಸನ್ನೆ ಮಾಡಿದ. ಅವನು ಬಿಲ್ಲು ಕೊಟ್ಟು ಬರುವಷ್ಟರಲ್ಲಿ ಅಕ್ಕತಮ್ಮ 'ಇರಾಶಾಯಿಮಾಸೇ' ಬಾಗಿಲನ್ನು ದಾಟಿ, ಮೆಟ್ಟಿಲಿಳಿದು, ಗ್ರಾನೈಟ್ ಅಂಗಡಿಯ ಮುಂದೆ ಒಂದೊಂದು ಕಡೆಗೆ ಮುಖಮಾಡಿ ನಿಂತಿದ್ದರು. ಬಿಸಿಲಿಗೆ ಒರಗಿಸಿಟ್ಟ ಕಲ್ಲುಚಪ್ಪಡಿಗಳಲ್ಲಿ ಇಬ್ಬರ ನೆರಳೂ ಮಸುಕಾಗಿ ಕಾಣುತ್ತಿತ್ತು. ಮೇಲೆ ಒಂದು ವಿಮಾನ ತೀರಾ ಕೆಳಗೆ ಹಾದುಹೋಯಿತು. ಅದರ ಸದ್ದು ಮುಗಿದಾಗ ಇನ್ನೊಂದು ಸದ್ದು ಕೇಳಿಸಿತು. ವೆಂಕಟರಾಯಪ್ಪನ ಹೊಟ್ಟೆ.

"ಹೊಟ್ಟೆ ತುಂಬ್ಲಿಲ್ವೇನೋ?"

"ಎಲ್ಲಿ ತುಂಬ್ತದೆ. ಬೆಳಿಗ್ಗೆಯಿಂದ ಅದೊಂದೇ ಉಂಡೆ. ಅದೂ ಇನ್ನೂ ಇಲ್ಲೇ ಐತೆ" ಎಂದು ಗಂಟಲು ತೋರಿಸಿದ.

"ಸಕ್ಕರೆ ಕಾಯಿಲೆಯೋರು ಹಂಗೆ ಖಾಲಿ ಹೊಟ್ಟೇಲಿ ಇರ್ತಾರೇನೋ? ನಿನ್ ಹೆಂಡ್ತಿ?"

"ಹೊಸಕೋಟೆ ಕಡೆಗೆ ಕರೆಯೋಕೆ ಹೋಗವ್ಳೆ. ಸಂಜೆಗೆ ಬರ್ತಾಳೆ. ಮನೇಲಿ ಯಾರೂ ಇಲ್ಲ."

ಸಪ್ಪಲಮ್ಮ ತಮ್ಮನ ಮನೆಯ ದಿಕ್ಕಿಗೆ ತಿರುಗಿದಳು. ಅವಳ ಬಲಗೈ ಸೊಂಟಕ್ಕೂ ಹೋಗಲಿಲ್ಲ, ಸೆರಗಿಗೂ ಹೋಗಲಿಲ್ಲ. ಬೆರಳುಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು, ಹಿಟ್ಟಿನ ಹದ ನೋಡುವ ಹಾಗೆ.

"ಅವರ ಕೈಯಿಂದ ತಿನ್ನಲ್ಲ ಅಂದಿದ್ದೆ" ಎಂದಳು ನಿಧಾನವಾಗಿ. "ನನ್ ಕೈಯಿಂದ ತಿನ್ನಲ್ಲ ಅಂತ ಅಂದಿದ್ದೆನಾ?"

ಅಮರ್ ಬಾಯಿ ತೆರೆದ. "ಅತ್ತೆ, ಇದು ಇಷ್ಟು ವರ್ಷ ಯಾಕೆ ಹೊಳೀಲಿಲ್ಲ ನಿಂಗೆ?"

"ಇಷ್ಟು ವರ್ಷ ಇವನಿಗೆ ಹಸಿವಿತ್ತಾ? ಹೊಟ್ಟೆ ತುಂಬಿದೋನ ಮನೆ ಒಲೆ ಯಾವಳು ಹಚ್ತಾಳೆ" ಎಂದಳು ಸಪ್ಪಲಮ್ಮ. "ಚಪ್ಪರದ ದಿನಾನೂ ನಾನೇ ಎಸರಿಡ್ತೀನಿ, ನಾನೇ ಬಡಿಸ್ಕೊಳ್ತೀನಿ, ನಿಂಗೂ ಬಡಿಸ್ತೀನಿ. ನಿಮ್ಮಮ್ಮಂಗೆ ಹೇಳು, ಒಲೆ ಹತ್ರ ಬರೋದು ಬೇಡ, ಸೀರೆ ಉಟ್ಕೊಂಡು ಓಡಾಡ್ಲಿ."

ಅಮರ್ ಕಾರಿನ ಬಾಗಿಲು ತೆಗೆದು ಹಿಡಿದ. ಅವಳಿಗೆ ಅದು ಕಾಣಿಸಲೇ ಇಲ್ಲ. ಸಿಮೆಂಟಿನ ಸಿಂಹಗಳ ಮನೆ ಎರಡು ಬೀದಿ ಆಚೆಗಿತ್ತು, ಆ ದಾರಿ ಅವಳ ಕಾಲಿಗೆ ಗೊತ್ತಿತ್ತು. ಸೆರಗನ್ನು ಸೊಂಟಕ್ಕೆ ಬಿಗಿದಳು.

"ಹಿಟ್ಟು ಎಲ್ಲಿಡ್ತಾಳೆ ಅವಳು? ಹೊಸ ಹಿಟ್ಟಾ, ಹುಳ ಬಿದ್ದಿದ್ದಾ? ಹಳೇ ಸಾರು ಏನಿದ್ರೂ ಚೆಲ್ಬಿಡು, ನಂಗೆ ಬೇಡ, ಕಾಳು ಸೊಪ್ಪು ಇದ್ರೆ ಹೊಸ್ದಾಗಿ ಬಸೀತೀನಿ. ಮುದ್ದೆಕೋಲು ಐತಾ ಇಲ್ಲ ಅದನ್ನೂ ಯಾವ್ದಾದ್ರೂ ಮಿಷನ್ನಲ್ಲಿ ತಿರುವ್ತಾಳಾ? ನಾನು ಎಸರಿಡೋ ಹೊತ್ಗೆ ನೀನು ಈರುಳ್ಳಿ ಬಿಡಿಸಿ ಕೂತ್ಕೊ, ಅಳು ಬಂದ್ರೆ ಅಳು, ಈ ಸಲ ಯಾತಕ್ಕೆ ಅಂತ ನಾನೇನು ಕೇಳೋದಿಲ್ಲ, ಆಮೇಲೆ ಆ ಗೇಟಿನ ಮೇಲಿನ ಸಿಂಹ, ಅದರ ಮುಖ ನೋಡಿದ್ರೆ ನಂಗೆ ಯಾವಾಗ್ಲೂ ನಿನ್ ಹೆಂಡ್ತಿ ಅಣ್ಣನೇ ನೆನಪಾಗ್ತಾನೆ," ಎನ್ನುತ್ತ ಸಪ್ಪಲಮ್ಮ ಬೈಪಾಸಿನ ಲಾರಿಗಳಿಗೆ ಕೈ ಅಡ್ಡ ಹಿಡಿದು, ನಿಲ್ಲಿಸಿ, ರಸ್ತೆ ದಾಟಿ ಸಿಂಹಗಳ ಮನೆಯ ಕಡೆ ನಡೆದಳು.